ನಾಯಿಯ ಟಿನ್ ಆಹಾರ: ಡಬ್ಬಿಯ ಬೆನ್ನು ಓದುವುದು ಹೇಗೆ?

'ಈ ಟಿನ್ ಒಳ್ಳೆಯದಾ? ನಮ್ಮ ನಾಯಿ ತಟ್ಟೆ ಫಳಫಳ ಹೊಳೆಯುವ ಹಾಗೆ ನೆಕ್ಕುತ್ತೆ.' ಡಬ್ಬಿಯ ಮುಂಭಾಗದ ಫೋಟೊ ಹಾಕಿ ಈ ಪ್ರಶ್ನೆ ಕೇಳುವವರು ತುಂಬ ಜನ. ಬೇರೆ ಬೇರೆ ಬ್ರ್ಯಾಂಡ್, ಬೇರೆ ಬೇರೆ ಬೆಲೆ, ಪ್ರಶ್ನೆ ಮಾತ್ರ ಅದೇ. ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು, 'ಡಬ್ಬಿ ತಿರುಗಿಸಿ, ಹಿಂಬದಿಯ ಫೋಟೊ ಕಳಿಸಿ' ಎಂದು. ಮುಂಭಾಗದಲ್ಲಿ ಇರುವುದು ಕೋಳಿ ತೊಡೆ, ಕ್ಯಾರೆಟ್, ನಗುವ ನಾಯಿಯ ಚಿತ್ರ. ಒಳಗೆ ಏನಿದೆ ಎಂಬುದರ ಲೆಕ್ಕ ಹಿಂಬದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದಲು ಕಲಿತರೆ ಬೇರೆಯವರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ನಾಯಿ ಇಷ್ಟಪಟ್ಟು ತಿನ್ನುವುದಕ್ಕೂ ಆ ಆಹಾರ ಪೌಷ್ಟಿಕವಾಗಿರುವುದಕ್ಕೂ ಸಂಬಂಧ ಕಡಿಮೆ. ಕೊಬ್ಬು, ಉಪ್ಪು, ಬಿಸಿ ಮಾಂಸದ ವಾಸನೆ ಇದ್ದರೆ ನಾಯಿ ತಿನ್ನುತ್ತದೆ. ಆರು ತಿಂಗಳು ಅದನ್ನೇ ತಿಂದರೆ ಅದರ ಮೂಳೆ, ಹೃದಯ, ಚರ್ಮ ಏನಾಗುತ್ತವೆ ಎಂದು ಯೋಚಿಸಬೇಕಾದವರು ನಾವು.

ಬೇಕಾಗುವ ಸಾಮಾನು: ಡಬ್ಬಿ ಅಥವಾ ಪೌಚ್, ಮೊಬೈಲ್ ಕ್ಯಾಮೆರಾ (ಸಣ್ಣ ಅಕ್ಷರ ದೊಡ್ಡದು ಮಾಡಿ ನೋಡಲು), ಕ್ಯಾಲ್ಕ್ಯುಲೇಟರ್, ಸಾಧ್ಯವಾದರೆ ಒಂದು ಅಡುಗೆಮನೆ ತಕ್ಕಡಿ. ನಾಯಿಯ ಇಂದಿನ ತೂಕವೂ ಗೊತ್ತಿರಲಿ. ಚಿಕ್ಕ ನಾಯಿಯಾದರೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರಾಯಿತು.

ಹಂತ 1: 'ಕಂಪ್ಲೀಟ್' ಎಂಬ ಪದ ಹುಡುಕಿ

ಸಮಯ ಇಲ್ಲದವರು ಇದೊಂದು ಹಂತ ಮಾಡಿದರೂ ಸಾಕು.

ಡಬ್ಬಿಯ ಹಿಂಬದಿಯಲ್ಲಿ ಎಲ್ಲೋ ಒಂದು ಕಡೆ ಎರಡರಲ್ಲಿ ಒಂದು ಮಾತು ಇರುತ್ತದೆ. ಒಂದು, 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಥವಾ 'ಕಂಪ್ಲೀಟ್ ಪೆಟ್ ಫುಡ್'. ಎಂದರೆ ಸಂಪೂರ್ಣ ಆಹಾರ. ನೀರು ಬಿಟ್ಟು ಬೇರೇನೂ ಕೊಡದೆ ಇದನ್ನೇ ದಿನವೂ ಹಾಕಿದರೂ ನಾಯಿಗೆ ಬೇಕಾದ ಪೋಷಕಾಂಶಗಳೆಲ್ಲ ಸಿಗಬೇಕು. ಇನ್ನೊಂದು, 'ಕಾಂಪ್ಲಿಮೆಂಟರಿ', 'ಫಾರ್ ಸಪ್ಲಿಮೆಂಟಲ್ ಫೀಡಿಂಗ್' ಅಥವಾ 'ಟಾಪರ್'. ಇದು ಪೂರಕ ಆಹಾರ, ಊಟದ ಜೊತೆ ಉಪ್ಪಿನಕಾಯಿ ಇದ್ದಂತೆ. ಊಟದ ಜಾಗದಲ್ಲಿ ಇದನ್ನು ಕೂರಿಸುವಂತಿಲ್ಲ.

'ಕಾಂಪ್ಲಿಮೆಂಟರಿ' ಎಂಬುದನ್ನು ಅವಸರದಲ್ಲಿ 'ಕಂಪ್ಲೀಟ್' ಎಂದು ಓದಿಕೊಳ್ಳುವವರು ಬಹಳ. ಎರಡೂ ಒಂದೇ ಅಕ್ಷರದಿಂದ ಶುರುವಾಗುತ್ತವೆ, ಅರ್ಥ ಮಾತ್ರ ಪೂರ್ವ ಪಶ್ಚಿಮ. ನಿಲ್ಲಿಸಿ, ಒಂದೊಂದಕ್ಷರ ಓದಿ.

ಸಂಪೂರ್ಣ ಎಂದು ಬರೆದಿದ್ದರೆ ಯಾವ ಮಾನದಂಡದ ಪ್ರಕಾರ ಎಂದೂ ನೋಡಿ. ಆಫ್ಕೊ ಎಂಬುದು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ. ಫೆಡಿಯಾಫ್ ಎಂಬುದು ಯುರೋಪಿನ ಸಾಕುಪ್ರಾಣಿ ಆಹಾರ ತಯಾರಕರ ಒಕ್ಕೂಟ. ಎರಡೂ ನಾಯಿಗೆ ಬೇಕಾದ ಪೋಷಕಾಂಶಗಳ ಪಟ್ಟಿ ಪ್ರಕಟಿಸುತ್ತವೆ. ನಮ್ಮ ಭಾರತೀಯ ಮಾನಕ ಬ್ಯೂರೊ ಕೂಡ ನಾಯಿ, ಬೆಕ್ಕುಗಳ ಆಹಾರಕ್ಕೆ ಐಎಸ್ 11968 ಎಂಬ ಮಾನದಂಡ ಮಾಡಿದೆ. ಆದರೆ ಅಂಗಡಿಯ ಟಿನ್‌ಗಳ ಮೇಲೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೊದಲೆರಡು ಹೆಸರುಗಳೇ. 'ಆಫ್ಕೊ ಅನುಮೋದಿತ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಫ್ಕೊ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಅನುಮೋದಿಸುವುದೂ ಇಲ್ಲ. ಅದು ಅಳತೆಗೋಲು ಕೊಡುತ್ತದೆ, ಅಳೆದುಕೊಳ್ಳುವವರು ಕಂಪನಿಯವರು.

ಆಫ್ಕೊ ಹೇಳಿಕೆಯಲ್ಲಿ ಎರಡು ಬಗೆ. 'ಫಾರ್ಮ್ಯುಲೇಟೆಡ್ ಟು ಮೀಟ್' ಎಂದರೆ ಲೆಕ್ಕಾಚಾರ ಅಥವಾ ಪ್ರಯೋಗಾಲಯದ ವಿಶ್ಲೇಷಣೆಯಲ್ಲಿ ಪಟ್ಟಿಗೆ ಹೊಂದಿದೆ ಎಂದರ್ಥ. 'ಫೀಡಿಂಗ್ ಟೆಸ್ಟ್ಸ್' ಎಂದಿದ್ದರೆ ನಾಯಿಗಳಿಗೆ ತಿನ್ನಿಸಿ ನೋಡಿದ್ದಾರೆ. ವಯಸ್ಕ ನಾಯಿಗಳ ಪರೀಕ್ಷೆಗೆ ಕನಿಷ್ಠ 8 ನಾಯಿ, 26 ವಾರ ಬೇಕು. ಎರಡನೆಯದು ತುಸು ಹೆಚ್ಚಿನ ಭರವಸೆ ಕೊಡುತ್ತದೆ ನಿಜ, ಆದರೆ 26 ವಾರದಲ್ಲಿ ತಲೆಯೆತ್ತದ ಕೊರತೆಗಳೂ ಇರುತ್ತವೆ.

ಯಾವ ವಯಸ್ಸಿಗೆ ಎಂಬುದೂ ಅದೇ ಸಾಲಿನಲ್ಲಿರುತ್ತದೆ. 'ಅಡಲ್ಟ್ ಮೇಂಟೆನೆನ್ಸ್' ಎಂದರೆ ಬೆಳವಣಿಗೆ ಮುಗಿದ ನಾಯಿಗೆ ಮಾತ್ರ, ಮರಿಗೆ ಹಾಕಬೇಡಿ. 'ಗ್ರೋತ್' ಅಥವಾ 'ಆಲ್ ಲೈಫ್ ಸ್ಟೇಜಸ್' ಎಂದಿದ್ದರೆ ಮರಿಗೆ ಆಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿ ಸಾಕಿದವರು ಇನ್ನೂ ಒಂದು ಮಾತು ಹುಡುಕಬೇಕು: ದೊಡ್ಡ ಗಾತ್ರದ ನಾಯಿಗಳ ಬೆಳವಣಿಗೆಗೂ ಇದು ಸೇರಿದೆ ಎಂಬ ಉಲ್ಲೇಖ. ಬೆಳೆದಾಗ ಸುಮಾರು 32 ಕೆ.ಜಿ. ದಾಟುವ ನಾಯಿಗಳಿಗೆ ಇದು ಅನ್ವಯ. ಈ ಮರಿಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ಎಷ್ಟು ಅಪಾಯವೋ ಹೆಚ್ಚಾದರೂ ಅಷ್ಟೇ ಅಪಾಯ, ಕೈಕಾಲಿನ ಮೂಳೆ ಸೊಟ್ಟಗಾಗುತ್ತದೆ. ಒಣ ತೂಕದ (ನೀರು ಕಳೆದ ಮೇಲೆ ಉಳಿಯುವ ತೂಕ, ಹಂತ 4 ನೋಡಿ) ಲೆಕ್ಕದಲ್ಲಿ ಕ್ಯಾಲ್ಸಿಯಂ ಶೇ 1.2ಕ್ಕಿಂತ ಕಡಿಮೆ ಇರಬಾರದು, ಶೇ 1.8 ದಾಟಬಾರದು ಎನ್ನುತ್ತದೆ ಆಫ್ಕೊ. 'ಮರಿ ಬೇಗ ಬೆಳೆಯಲಿ' ಎಂದು ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕುವವರು ದಯವಿಟ್ಟು ನಿಲ್ಲಿಸಿ.

ಎಚ್ಚರಿಕೆ: ಆಮದಾದ ಟಿನ್‌ಗಳ ಮೇಲೆ ಆಮದುದಾರರ ಹೆಸರು, ಎಂಆರ್‌ಪಿ, ತಿಂಗಳು–ವರ್ಷ ಇರುವ ಸ್ಟಿಕ್ಕರ್ ಅಂಟಿಸಿರುತ್ತಾರೆ. ಎಷ್ಟೋ ಸಲ ಅದು ಕೂತಿರುವುದು ಈ ಮುಖ್ಯ ಸಾಲಿನ ಮೇಲೆಯೇ. ಕಾಣದಿದ್ದರೆ ತಯಾರಕರ ಅಧಿಕೃತ ಜಾಲತಾಣದಲ್ಲಿ ಅದೇ ಹೆಸರಿನ, ಅದೇ ಗಾತ್ರದ ಟಿನ್ ಹುಡುಕಿ ಓದಿ. ಎಲ್ಲೂ ಸಿಗದಿದ್ದರೆ ಅದನ್ನು ಪೂರಕ ಆಹಾರ ಎಂದೇ ಭಾವಿಸಿ.

ಹಂತ 2: ಹೆಸರಿನಲ್ಲಿರುವ ಲೆಕ್ಕ ಬಿಡಿಸಿ

ಟಿನ್‌ನ ಹೆಸರನ್ನು ಸುಮ್ಮನೆ ಇಟ್ಟಿರುವುದಿಲ್ಲ. ಅಮೆರಿಕದ ನಿಯಮದಲ್ಲಿ ಹೆಸರಿನ ಒಂದೊಂದು ಪದಕ್ಕೂ ಒಂದೊಂದು ಅಳತೆ ಇದೆ.

'ಚಿಕನ್ ಡಾಗ್ ಫುಡ್' ಅಥವಾ 'ಚಿಕನ್ ಫಾರ್ ಡಾಗ್ಸ್' ಎಂದಿದ್ದರೆ, ತಯಾರಿಕೆಗೆ ಸೇರಿಸಿದ ನೀರು ಬಿಟ್ಟು ಶೇ 95ರಷ್ಟು, ನೀರು ಸೇರಿಸಿದರೂ ಶೇ 70ರಷ್ಟು ಕೋಳಿ ಇರಬೇಕು. 'ಚಿಕನ್ ಡಿನ್ನರ್', 'ಚಿಕನ್ ಎಂಟ್ರೆ', 'ಚಿಕನ್ ರೆಸಿಪಿ' ಎಂದರೆ ನೀರು ಬಿಟ್ಟು ಶೇ 25 ಇದ್ದರೆ ಸಾಕು. 'ವಿತ್ ಚಿಕನ್' ಎಂದರೆ ಶೇ 3. 'ಚಿಕನ್ ಫ್ಲೇವರ್' ಎಂದರೆ ರುಚಿ ಗೊತ್ತಾಗುವಷ್ಟು ಇದ್ದರೆ ಮುಗಿಯಿತು.

ಯುರೋಪಿನ ಟಿನ್‌ಗಳಲ್ಲಿ ಅಳತೆ ಸ್ವಲ್ಪ ಬೇರೆ. 'ವಿತ್ ಚಿಕನ್' ಎಂದರೆ ಕನಿಷ್ಠ ಶೇ 4, 'ರಿಚ್ ಇನ್ ಚಿಕನ್' ಎಂದರೆ ಶೇ 14, 'ಚಿಕನ್ ಮೆನು' ಅಥವಾ 'ಡಿನ್ನರ್' ಎಂದರೆ ಶೇ 26.

'ವಿತ್' ಎಂಬ ಪುಟ್ಟ ಪದ ಎಷ್ಟು ಕೋಳಿಯನ್ನು ನುಂಗಿಹಾಕುತ್ತದೆ ನೋಡಿ. 400 ಗ್ರಾಂ ಡಬ್ಬಿಯಲ್ಲಿ ಶೇ 4 ಎಂದರೆ 16 ಗ್ರಾಂ, ಒಂದು ತುತ್ತು. ಉಳಿದ ಮಾಂಸ ಯಾವುದು? ಅದಕ್ಕೆ ಮುಂದಿನ ಹಂತ.

ಹಂತ 3: ಪದಾರ್ಥಗಳ ಪಟ್ಟಿ ಓದಿ, ಆದರೆ ಅದಕ್ಕೆ ಮರುಳಾಗಬೇಡಿ

ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರುತ್ತದೆ. ಈ ತೂಕ ಬೇಯಿಸುವ ಮುಂಚಿನದು, ನೀರೂ ಸೇರಿದ್ದು. ಹಸಿ ಕೋಳಿ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಆದ್ದರಿಂದ ಪಟ್ಟಿಯಲ್ಲಿ ಮೊದಲ ಹೆಸರು ಕೋಳಿಯದ್ದಾದರೂ, ಪ್ರೋಟೀನ್ ಹೆಚ್ಚಾಗಿ ಬರುತ್ತಿರುವುದು ಬೇರೆಲ್ಲಿಂದಲೋ ಆಗಿರಬಹುದು.

ಒಂದು ಉದಾಹರಣೆ. ತಯಾರಿಕೆಗೆ 20 ಕೆ.ಜಿ. ಕೋಳಿ ಹಾಕಿದರು, 5 ಕೆ.ಜಿ. ಗೋಧಿಯ ಗ್ಲೂಟನ್ ಹಾಕಿದರು ಎಂದುಕೊಳ್ಳಿ. ಗ್ಲೂಟನ್ ಎಂದರೆ ಗೋಧಿ ಹಿಟ್ಟನ್ನು ನಾದಿ, ನೀರಿನಲ್ಲಿ ತೊಳೆದು ಗಂಜಿ ತೆಗೆದ ಮೇಲೆ ಉಳಿಯುವ ಜಿಗುಟು ಪ್ರೋಟೀನು. ಕೋಳಿಯಲ್ಲಿ ಶೇ 18 ಪ್ರೋಟೀನ್ ಎಂದರೆ 3.6 ಕೆ.ಜಿ. ಒಣ ಗ್ಲೂಟನ್‌ನಲ್ಲಿ ಶೇ 75 ಎಂದರೆ 3.75 ಕೆ.ಜಿ. ಪಟ್ಟಿಯಲ್ಲಿ ಕೆಳಗೆ ಕೂತ ಗ್ಲೂಟನ್ ಮೇಲೆ ಕೂತ ಕೋಳಿಗಿಂತ ಹೆಚ್ಚು ಪ್ರೋಟೀನ್ ಕೊಡುತ್ತಿದೆ! ಗ್ಲೂಟನ್ ವಿಷವಲ್ಲ, ನಾಯಿಗೆ ಚೆನ್ನಾಗಿ ಜೀರ್ಣವೂ ಆಗುತ್ತದೆ. ಆದರೆ ಅದರಲ್ಲಿ ಲೈಸೀನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ. ಕೋಳಿಯ ದುಡ್ಡು ಕೊಟ್ಟು ಗೋಧಿ ಪ್ರೋಟೀನ್ ಕೊಂಡೆವಾ ಎಂಬ ಪ್ರಶ್ನೆಯಂತೂ ಕೊಳ್ಳುವವರಿಗೆ ಬರಬೇಕು.

ಪ್ರೋಟೀನಿನ ಅಂಕಿಯನ್ನಷ್ಟೇ ನಂಬಿದರೆ ಏನಾಗಬಹುದು ಎಂಬುದನ್ನು 2007 ತೋರಿಸಿಕೊಟ್ಟಿತು. ಡಬ್ಬಿಯ ಮೇಲಿನ 'ಕ್ರೂಡ್ ಪ್ರೋಟೀನ್' ಎಂಬುದನ್ನು ನೇರವಾಗಿ ಅಳೆಯುವುದಿಲ್ಲ. ಆಹಾರದಲ್ಲಿರುವ ಸಾರಜನಕ ಅಳೆದು, ಅದನ್ನು 6.25ರಿಂದ ಗುಣಿಸುತ್ತಾರೆ. ಚೀನಾದಿಂದ ಬಂದ ಗೋಧಿ ಗ್ಲೂಟನ್‌ಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ್ದರು. ಅದರ ತೂಕದ ಮೂರನೇ ಎರಡು ಪಾಲು ಸಾರಜನಕವೇ ಆದ್ದರಿಂದ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚು ಎಂದೇ ಬಂತು. ಆ ವರ್ಷದ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ 'ಗ್ರೇವಿಯಲ್ಲಿ ತುಣುಕು' ಮಾದರಿಯ ಸುಮಾರು 6 ಕೋಟಿ ಡಬ್ಬಿ, ಪೌಚ್‌ಗಳನ್ನು ಉತ್ತರ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಮೂತ್ರಪಿಂಡದಲ್ಲಿ ಹರಳುಗಟ್ಟಿ ನಾಯಿ, ಬೆಕ್ಕುಗಳು ಸತ್ತವು. ಒಂದೇ ಕಾರ್ಖಾನೆಯಿಂದ ಹಲವಾರು ಬ್ರ್ಯಾಂಡ್‌ಗಳು ಹೊರಬರುತ್ತಿದ್ದವು ಎಂಬುದೂ ಆಗಲೇ ಜನಕ್ಕೆ ತಿಳಿದದ್ದು. ಅದಕ್ಕೇ ನಾನು 'ಎಷ್ಟು ಪ್ರೋಟೀನ್' ಎನ್ನುವುದರ ಜೊತೆಗೆ 'ಯಾವುದರಿಂದ ಬಂತು, ಯಾರು ಮಾಡಿದರು' ಎಂದೂ ಕೇಳುವುದು.

ಪಟ್ಟಿಯಲ್ಲಿ ಎದುರಾಗುವ ಕೆಲವು ಪದಗಳು:

'ಮೀಟ್ ಬೈ-ಪ್ರಾಡಕ್ಟ್ಸ್'. ಈ ಪದ ಕೇಳಿದೊಡನೆ ಮುಖ ಸಿಂಡರಿಸುವವರಿದ್ದಾರೆ. ಅಮೆರಿಕದ ವ್ಯಾಖ್ಯೆಯಲ್ಲಿ ಇದು ಶ್ವಾಸಕೋಶ, ಗುಲ್ಮ, ಮೂತ್ರಪಿಂಡ, ಕಲೇಜ, ರಕ್ತ, ಒಳಗಿನದ್ದೆಲ್ಲ ತೆಗೆದು ಶುಚಿ ಮಾಡಿದ ಜಠರ ಮತ್ತು ಕರುಳು ಇತ್ಯಾದಿ. ಕೂದಲು, ಕೊಂಬು, ಹಲ್ಲು, ಗೊರಸು ಸೇರುವಂತಿಲ್ಲ. ಬೋಟಿ ಗೊಜ್ಜು, ಕಾಲು ಸೂಪು ಚಪ್ಪರಿಸುವ ನಾಡಿನಲ್ಲಿ ಇದಕ್ಕೆ ಹೆದರಬೇಕಾಗಿಲ್ಲ. ಕಲೇಜದಲ್ಲಿ ಬರೀ ಮಾಂಸಖಂಡಕ್ಕಿಂತ ಜೀವಸತ್ವ ಹೆಚ್ಚು. ನನ್ನ ತಕರಾರು ಇರುವುದು ಪ್ರಾಣಿಯ ಹೆಸರಿಲ್ಲದ್ದಕ್ಕೆ. 'ಚಿಕನ್ ಲಿವರ್' ಎಂದರೆ ಏನೆಂದು ಗೊತ್ತು. ಬರೀ 'ಮೀಟ್', ಬರೀ 'ಅನಿಮಲ್ ಡೆರಿವೇಟಿವ್ಸ್' ಎಂದರೆ ಈ ತಿಂಗಳು ಒಂದು ಪ್ರಾಣಿ, ಮುಂದಿನ ತಿಂಗಳು ಇನ್ನೊಂದು ಆಗಬಹುದು. ದನದ ಅಥವಾ ಹಂದಿ ಮಾಂಸ ಮನೆಯೊಳಗೆ ಬರಬಾರದು ಎನ್ನುವ ಕುಟುಂಬಗಳಿಗೂ, ಯಾವುದೋ ಒಂದು ಮಾಂಸಕ್ಕೆ ನಾಯಿಗೆ ಅಲರ್ಜಿ ಇರುವವರಿಗೂ ಇಂಥ ಡಬ್ಬಿ ಬೇಡ.

'ಗಾರ್ ಗಮ್', 'ಕ್ಸಾಂಥನ್ ಗಮ್', 'ಕ್ಯಾರಗೀನನ್'. ಗ್ರೇವಿ ಗಟ್ಟಿಯಾಗಲು ಹಾಕುವ ಅಂಟು. ಗಾರ್ ಗಮ್ ನಮ್ಮ ಗೋರಿಕಾಯಿ ಬೀಜದ್ದು, ಕ್ಯಾರಗೀನನ್ ಕಡಲಪಾಚಿಯದ್ದು. ಸ್ವಲ್ಪ ಇದ್ದರೆ ಹೆಚ್ಚಿನ ನಾಯಿಗಳಿಗೆ ಏನೂ ಆಗುವುದಿಲ್ಲ. ಹೊಟ್ಟೆ ನಾಜೂಕಿನ ನಾಯಿಗೆ ಮಲ ಸಡಿಲಾಗಬಹುದು.

ಕೊನೆಯಲ್ಲಿ ಬರುವ ಉದ್ದುದ್ದ ರಾಸಾಯನಿಕ ಹೆಸರುಗಳು. ಇವನ್ನು ಕಂಡು 'ಅಯ್ಯೋ, ಎಷ್ಟು ಕೆಮಿಕಲ್' ಎಂದು ಡಬ್ಬಿ ಕೆಳಗಿಡುತ್ತಾರೆ. ಥಯಾಮಿನ್ ಮಾನೋನೈಟ್ರೇಟ್ ಎಂದರೆ ಬಿ1 ಜೀವಸತ್ವ, ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ ಎಂದರೆ ಬಿ6, ಟೋಕೊಫೆರಾಲ್ ಎಂದರೆ ಇ. ಟಿನ್ ಮುಚ್ಚಿ ಸುಮಾರು 121 ಡಿಗ್ರಿ ಶಾಖದಲ್ಲಿ ಬೇಯಿಸುವಾಗ ಬಿ1 ಬಹಳಷ್ಟು ನಾಶವಾಗುತ್ತದೆ, ಅದನ್ನು ತುಂಬಿಕೊಡಲೇಬೇಕು. ಈ ಹೆಸರುಗಳಿದ್ದರೆ ಸಮಾಧಾನಪಡಿ. 'ಕೋಳಿ ಎದೆಮಾಂಸ, ಸಾರು, ಅಕ್ಕಿ, ಅಷ್ಟೇ' ಎಂದು ಮೂರೇ ಪದಾರ್ಥಗಳಿರುವ, ನೋಡಲು ಶುದ್ಧವಾದ ದುಬಾರಿ ಡಬ್ಬಿಯೇ ನನ್ನ ಪ್ರಕಾರ ಹೆಚ್ಚು ಮೋಸ ಹೋಗುವ ಜಾಗ. ಅಲ್ಲಿ ಕ್ಯಾಲ್ಸಿಯಂ ಎಲ್ಲಿದೆ? ಸತು, ಅಯೋಡಿನ್, ಡಿ ಜೀವಸತ್ವ ಎಲ್ಲಿವೆ? ಮೂಳೆಯಿಲ್ಲದ ಮಾಂಸದಲ್ಲಿ ರಂಜಕ, ಅಂದರೆ ಫಾಸ್ಫರಸ್, ಕ್ಯಾಲ್ಸಿಯಂನ ಹತ್ತು ಪಟ್ಟಿಗಿಂತಲೂ ಹೆಚ್ಚು. ನಾಯಿಗೆ ಬೇಕಿರುವುದು ರಂಜಕದಷ್ಟಾದರೂ ಕ್ಯಾಲ್ಸಿಯಂ. ಇಂಥ ಡಬ್ಬಿಯ ಹಿಂಬದಿಯಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಪದ 'ಕಾಂಪ್ಲಿಮೆಂಟರಿ'.

ಉಪ್ಪು ಪಟ್ಟಿಯಲ್ಲಿ ಎಲ್ಲಿದೆ ಎಂದು ನೋಡಿ. ಉಪ್ಪು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ ಇರುತ್ತದೆ. ಅದರ ನಂತರ ಬರುವ ಬ್ಲೂಬೆರಿ, ಪಾಲಕ್, ದಾಳಿಂಬೆಗಳೆಲ್ಲ ಚಿಟಿಕೆಯಷ್ಟು. ಡಬ್ಬಿಯ ಚಿತ್ರದಲ್ಲಿ ಅವು ಬುಟ್ಟಿ ತುಂಬ ಇರುತ್ತವೆ.

'ಗ್ರೇನ್ ಫ್ರೀ', ಅಂದರೆ ಧಾನ್ಯರಹಿತ. ಇದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಧಾನ್ಯದ ಬದಲು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿರುತ್ತಾರೆ. ಇಂಥ ಆಹಾರಕ್ಕೂ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಡಿಸಿಎಂ ಎಂಬ ಕಾಯಿಲೆಗೂ ನಂಟು ಇರಬಹುದೇ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ತನಿಖೆ ಆರಂಭಿಸಿತು. ಕಾರಣ–ಪರಿಣಾಮ ಖಚಿತವಾಗಿ ಸಾಬೀತಾಗಿಲ್ಲ. ಆದರೆ ಅಕ್ಕಿ, ಗೋಧಿ ಜೀರ್ಣಿಸಿಕೊಂಡೇ ಬೆಳೆದ ನಮ್ಮ ನಾಯಿಗಳಿಗೆ ಧಾನ್ಯ ಬಿಡಿಸುವ ಅಗತ್ಯವಾದರೂ ಏನು?

ಇನ್ನು ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಕಂಡರೆ ವಾಪಸ್ ಇಡಿ. ಮನುಷ್ಯರಿಗೆಂದು ಮಾಡಿದ ಟಿನ್ ಮೀನು, ಮಾಂಸದ ಸೂಪುಗಳನ್ನು ನಾಯಿಗೆ ಹಾಕುವಾಗ ಇದನ್ನು ವಿಶೇಷವಾಗಿ ನೋಡಿ.

ಹಂತ 4: ನೀರು ಕಳೆಯಿರಿ

ಒಣ ಆಹಾರದ ಪೊಟ್ಟಣದಲ್ಲಿ ಪ್ರೋಟೀನ್ ಶೇ 24, ಟಿನ್‌ನಲ್ಲಿ ಶೇ 9. 'ಟಿನ್‌ನಲ್ಲಿ ಪ್ರೋಟೀನೇ ಇಲ್ಲವಲ್ಲ!' ಎಂದು ಬೇಸರಪಡುತ್ತಾರೆ. ಟಿನ್‌ನಲ್ಲಿ ಮುಕ್ಕಾಲು ಪಾಲು ನೀರಿದೆ ಎಂಬುದನ್ನು ಮರೆತಿರುತ್ತಾರೆ. ಹೋಲಿಸಬೇಕಾದರೆ ಎರಡರ ನೀರನ್ನೂ ತೆಗೆದು, ಒಣ ತೂಕದ ಮೇಲೆ ಹೋಲಿಸಬೇಕು.

ಲೆಕ್ಕ ಸುಲಭ. ಲೇಬಲ್‌ನಲ್ಲಿ 'ಮಾಯಿಶ್ಚರ್', ಅಂದರೆ ತೇವಾಂಶ, ಎಷ್ಟಿದೆ ನೋಡಿ. ಅದನ್ನು 100ರಿಂದ ಕಳೆಯಿರಿ, ಉಳಿದದ್ದು ಒಣ ಅಂಶ. ಪ್ರೋಟೀನಿನ ಅಂಕಿಯನ್ನು ಒಣ ಅಂಶದಿಂದ ಭಾಗಿಸಿ 100ರಿಂದ ಗುಣಿಸಿ.

ಟಿನ್: ತೇವಾಂಶ 78, ಒಣ ಅಂಶ 22. ಪ್ರೋಟೀನ್ 9 ÷ 22 × 100 = ಶೇ 41. ಕೊಬ್ಬು 6 ÷ 22 × 100 = ಶೇ 27.

ಒಣ ಆಹಾರ: ತೇವಾಂಶ 10, ಒಣ ಅಂಶ 90. ಪ್ರೋಟೀನ್ 24 ÷ 90 × 100 = ಶೇ 27.

ಕತೆ ತಿರುವುಮುರುವಾಯಿತು.

ಈಗ ಅಳತೆಗೋಲು ಹಿಡಿಯಿರಿ. ಆಫ್ಕೊ ಪ್ರಕಾರ ಒಣ ತೂಕದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಬೇಕು. ಮರಿಗೆ ಮತ್ತು ಗಬ್ಬದ, ಹಾಲೂಡುವ ನಾಯಿಗೆ ಶೇ 22.5 ಪ್ರೋಟೀನ್, ಶೇ 8.5 ಕೊಬ್ಬು. ಇವು ಕನಿಷ್ಠ ಮಟ್ಟ, ಗುರಿಯಲ್ಲ.

ಎಚ್ಚರಿಕೆ: ಲೇಬಲ್‌ನಲ್ಲಿ ಪ್ರೋಟೀನ್, ಕೊಬ್ಬು 'ಕನಿಷ್ಠ' ಎಂದೂ ನಾರು, ತೇವಾಂಶ 'ಗರಿಷ್ಠ' ಎಂದೂ ಕೊಟ್ಟಿರುತ್ತಾರೆ. 'ಕೊಬ್ಬು ಕನಿಷ್ಠ 4' ಎಂದಿದ್ದರೆ ಒಳಗೆ 6 ಇದ್ದರೂ ಅದು ಸುಳ್ಳಲ್ಲ. ನಿಮ್ಮ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಒಮ್ಮೆಯಾದರೂ ಬಂದಿದ್ದರೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಕಂಪನಿಯಿಂದ ನಿಜವಾದ ಸರಾಸರಿ ವಿಶ್ಲೇಷಣೆ ಕೇಳಿ ಪಡೆಯಿರಿ.

ಕಾರ್ಬೋಹೈಡ್ರೇಟ್ ಎಷ್ಟೆಂದು ಲೇಬಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಇವಿಷ್ಟನ್ನು ಕಳೆದರೆ ಸಿಗುತ್ತದೆ. ಬೂದಿ ಎಂದರೆ ಆಹಾರ ಸುಟ್ಟ ಮೇಲೆ ಉಳಿಯುವ ಖನಿಜಾಂಶ. ಅದನ್ನು ಬರೆದಿಲ್ಲದಿದ್ದರೆ ಟಿನ್‌ಗೆ 2ರಿಂದ 2.5 ಎಂದು ಹಿಡಿಯಿರಿ.

ಹಂತ 5: ಕ್ಯಾಲೊರಿ ಲೆಕ್ಕ ಹಾಕಿ

ಒಣ ತೂಕದ ಲೆಕ್ಕದವರೆಗೆ ಬಂದವರೂ ಈ ಹಂತವನ್ನು ಬಿಟ್ಟುಬಿಡುತ್ತಾರೆ. ಜೇಬಿಗೂ ನಾಯಿಯ ಹೊಟ್ಟೆಗೂ ಹೆಚ್ಚು ಸಂಬಂಧಿಸಿದ್ದು ಇದೇ.

ಡಬ್ಬಿಯ ಮೇಲೆ ಕಿಲೋಕ್ಯಾಲೊರಿ (ಇಲ್ಲಿ ಕ್ಯಾಲೊರಿ ಎಂದು ಬರೆದಿರುವುದೆಲ್ಲ ಅದೇ) ಬರೆದಿದ್ದರೆ ಸರಿ. ಇಲ್ಲದಿದ್ದರೆ 100 ಗ್ರಾಂ ಆಹಾರದಲ್ಲಿರುವ ಪ್ರೋಟೀನನ್ನು 3.5ರಿಂದ, ಕೊಬ್ಬನ್ನು 8.5ರಿಂದ, ಕಾರ್ಬೋಹೈಡ್ರೇಟನ್ನು 3.5ರಿಂದ ಗುಣಿಸಿ ಕೂಡಿಸಿ. ಸಾಕುಪ್ರಾಣಿ ಆಹಾರಕ್ಕೆ ಬಳಸುವ ಸೂತ್ರ ಇದು.

ಮೇಲಿನ ಟಿನ್: ಪ್ರೋಟೀನ್ 9, ಕೊಬ್ಬು 6, ನಾರು 1, ಬೂದಿ 2.5, ತೇವಾಂಶ 78, ಆದ್ದರಿಂದ ಕಾರ್ಬೋಹೈಡ್ರೇಟ್ 3.5. ಕ್ಯಾಲೊರಿ 31.5 + 51 + 12 = ಸುಮಾರು 95. 400 ಗ್ರಾಂ ಡಬ್ಬಿಗೆ 380. ಇಲ್ಲಿ ಒಂದು ವಿಷಯ ಗಮನಿಸಿ: 95ರಲ್ಲಿ 51 ಬಂದದ್ದು ಕೊಬ್ಬಿನಿಂದ. 'ಶೇ 6 ಕೊಬ್ಬು' ಎಂದು ಓದಿದಾಗ ತೆಳುವಾದ ಆಹಾರ ಅನ್ನಿಸಿತ್ತು, ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬಿನದೇ. ಚುರುಕಾಗಿ ಓಡಾಡುವ ನಾಯಿಗೆ ಪರವಾಗಿಲ್ಲ, ಸೋಫಾ ಬಿಟ್ಟು ಏಳದ ದಪ್ಪ ನಾಯಿಗೆ ಬೇಡ.

ಈಗ 80 ಗ್ರಾಂ ಗ್ರೇವಿ ಪೌಚ್ ಒಂದನ್ನು ತೆಗೆದುಕೊಳ್ಳಿ: ತೇವಾಂಶ 85, ಪ್ರೋಟೀನ್ 6, ಕೊಬ್ಬು 2, ನಾರು 1, ಬೂದಿ 2, ಕಾರ್ಬೋಹೈಡ್ರೇಟ್ 4. 100 ಗ್ರಾಂಗೆ 21 + 17 + 14 = 52 ಕ್ಯಾಲೊರಿ. ಪೌಚ್‌ಗೆ 42.

ನಾಯಿಗೆ ಎಷ್ಟು ಬೇಕು? ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. ಸಂತಾನಹರಣ ಮಾಡಿಸಿದ ಸಾಮಾನ್ಯ ವಯಸ್ಕ ನಾಯಿಯಾದರೆ ಅದನ್ನು 1.6ರಿಂದ ಗುಣಿಸಿ. 10 ಕೆ.ಜಿ. ನಾಯಿಗೆ 370 × 1.6 = ಸುಮಾರು 590 ಕ್ಯಾಲೊರಿ. (2ರಿಂದ 45 ಕೆ.ಜಿ. ತನಕ ಈ ಸರಳ ಸೂತ್ರ ನಡೆಯುತ್ತದೆ. ಒಂದೊಂದು ನಾಯಿಯ ದೇಹ ಒಂದೊಂದು ಥರ, ಆದ್ದರಿಂದ ಇದನ್ನು ಆರಂಭದ ಅಂದಾಜು ಎಂದುಕೊಂಡು ತೂಕ ನೋಡುತ್ತ ಹೆಚ್ಚು ಕಡಿಮೆ ಮಾಡಿ.)

ಟಿನ್ ಆದರೆ ದಿನಕ್ಕೆ ಒಂದೂವರೆ. ಪೌಚ್ ಆದರೆ ಹದಿನಾಲ್ಕು! ಪೌಚ್ ಒಂದಕ್ಕೆ 45 ರೂಪಾಯಿ ಎಂದಿಟ್ಟುಕೊಂಡರೂ ದಿನಕ್ಕೆ 630 ರೂಪಾಯಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಪೌಚ್ ಹಾಕಿ 'ನಾಯಿ ಯಾಕೋ ಸೊರಗುತ್ತಿದೆ' ಎನ್ನುವವರಿಗೆ ಉತ್ತರ ಇಲ್ಲಿದೆ. ಆದ್ದರಿಂದ ಬೆಲೆ ಹೋಲಿಸುವಾಗ ಡಬ್ಬಿಗೆ ಎಷ್ಟು, ಕೆ.ಜಿ.ಗೆ ಎಷ್ಟು ಎಂದು ನೋಡಬೇಡಿ, 100 ಕ್ಯಾಲೊರಿಗೆ ಎಷ್ಟು ರೂಪಾಯಿ ಎಂದು ನೋಡಿ.

ಪೂರಕ ಪೌಚ್, ಬಿಸ್ಕತ್ತು, ತಿಂಡಿ ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10 ದಾಟದಿರಲಿ. ನಮ್ಮ 10 ಕೆ.ಜಿ. ನಾಯಿಗೆ ಇದು 59 ಕ್ಯಾಲೊರಿ, ಒಂದೂವರೆ ಪೌಚಿಗಿಂತ ಕಡಿಮೆ. ಮೊಸರನ್ನ, ರಾಗಿ ಮುದ್ದೆಯ ಮೇಲೆ ಒಂದು ಪೂರಕ ಪೌಚ್ ಸುರಿದರೆ ಊಟ ಸಮತೋಲನವಾಗುವುದಿಲ್ಲ, ರುಚಿಯಷ್ಟೇ ಹೆಚ್ಚಾಗುತ್ತದೆ. ಅನ್ನ, ಮುದ್ದೆ ಬಿಡಲಾಗದ ಮನೆಯಾದರೆ ಸಂಪೂರ್ಣ ಆಹಾರದ ಟಿನ್ ಮುಖ್ಯ ಊಟವಾಗಲಿ, ಅನ್ನ ಒಂದು ಹಿಡಿಯಾಗಲಿ.

ಹಂತ 6: ತೆರೆದು ನೋಡಿ

ಕೊಳ್ಳುವಾಗಲೇ ಡಬ್ಬಿಯನ್ನು ಸುತ್ತ ಸವರಿ ನೋಡಿ. ಉಬ್ಬಿದ್ದರೆ, ಅಂಚಿನ ಬೆಸುಗೆಯ ಮೇಲೆ ನಜ್ಜಾಗಿದ್ದರೆ, ತುಕ್ಕು ಹಿಡಿದು ಸೋರಿದ ಗುರುತಿದ್ದರೆ ಬೇಡ. ಉಬ್ಬಿದ ಡಬ್ಬಿಯೊಳಗೆ ಸೂಕ್ಷ್ಮಜೀವಿ ಬೆಳೆದಿರಬಹುದು, ಮೂಸಿ ನೋಡುವ ಪ್ರಯೋಗವನ್ನೂ ಮಾಡಬೇಡಿ. ಅಂಗಡಿಯ ಗಾಜಿನ ಬಾಗಿಲ ಬಳಿ ಬಿಸಿಲಿಗೆ ಜೋಡಿಸಿಟ್ಟ ಟಿನ್ ಬಿಟ್ಟು ಒಳಗಿನ ಕಪಾಟಿನದ್ದು ಕೇಳಿ.

ಮನೆಯಲ್ಲಿ ಮೊದಲ ಡಬ್ಬಿ ತೆರೆದಾಗ ಎರಡು ಪರೀಕ್ಷೆ ಮಾಡಿ. ಗ್ರೇವಿ ಮಾದರಿಯದ್ದಾದರೆ ಜರಡಿಗೆ ಸುರಿದು ಹತ್ತು ನಿಮಿಷ ಸೋಸಿ, ಉಳಿದ ತುಣುಕು ತೂಗಿ. ದುಡ್ಡು ಕೊಟ್ಟ ತೂಕದಲ್ಲಿ ಸಾರೆಷ್ಟು, ಸಾರವೆಷ್ಟು ಎಂದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒಂದು ತುಣುಕನ್ನು ಬೆರಳಲ್ಲಿ ಮುರಿಯಿರಿ. ನಿಜವಾದ ಮಾಂಸಖಂಡ ಎಳೆ ಎಳೆಯಾಗಿ ಸೀಳುತ್ತದೆ. ಅರೆದ ಮಾಂಸ, ಗ್ಲೂಟನ್, ಸೋಯಾ ಸೇರಿಸಿ ಅಚ್ಚು ಮಾಡಿದ ತುಣುಕು ಬ್ರೆಡ್ಡಿನ ಹಾಗೆ ಮುರಿಯುತ್ತದೆ. ಅಚ್ಚು ತುಣುಕು ಕೆಟ್ಟದ್ದೆಂದು ಅರ್ಥವಲ್ಲ, ಮಾಂಸದ ಬೆಲೆಗೆ ಅದನ್ನು ಕೊಳ್ಳಬೇಡಿ ಎಂದಷ್ಟೇ.

ತೆರೆದ ಮೇಲೆ ಉಳಿದದ್ದನ್ನು ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ತಟ್ಟೆಯಲ್ಲಿ ಉಳಿದದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿರುವುದು ಬೇಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಂದು ಗಂಟೆಯೂ ಹೆಚ್ಚು.

ಹಂತ 7: ಕಂಪನಿಗೆ ಕರೆ ಮಾಡಿ

ಬಹಳ ಜನ ಇದನ್ನು ಮಾಡುವುದಿಲ್ಲ. ಡಬ್ಬಿಯ ಮೇಲೆ ಗ್ರಾಹಕ ಸೇವೆಯ ನಂಬರ್ ಇರುತ್ತದೆ, ಉತ್ತರ ಪಡೆಯುವುದು ನಿಮ್ಮ ಹಕ್ಕು. ಕೇಳಬೇಕಾದ್ದು ಇಷ್ಟು: ಈ ಆಹಾರದ ಸೂತ್ರ ಸಿದ್ಧಪಡಿಸಿದವರು ಯಾರು, ಅವರು ಪ್ರಾಣಿ ಪೋಷಣೆಯಲ್ಲಿ ಏನು ಓದಿದ್ದಾರೆ? ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅದು ನಿಮ್ಮದೇ ಕಾರ್ಖಾನೆಯೋ? ಪ್ರತಿ ಬ್ಯಾಚ್ ಪರೀಕ್ಷೆ ಆಗುತ್ತದೆಯೇ? ಕ್ಯಾಲ್ಸಿಯಂ, ರಂಜಕ, ಸೋಡಿಯಂ ಎಷ್ಟಿದೆ? ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘವೂ ಗ್ರಾಹಕರು ಇಂಥ ಪ್ರಶ್ನೆಗಳನ್ನು ಕೇಳಬೇಕೆಂದು ಹೇಳುತ್ತದೆ. ಅಂಕಿ ಸಮೇತ ಉತ್ತರ ಕಳಿಸುವ ಕಂಪನಿಯ ಟಿನ್ ನಾನು ಕೊಳ್ಳುತ್ತೇನೆ. 'ನಮ್ಮದು ಪ್ರೀಮಿಯಂ ಕ್ವಾಲಿಟಿ ಸರ್' ಎಂದಷ್ಟೇ ಹೇಳಿದರೆ ಕೊಳ್ಳುವುದಿಲ್ಲ.

ದೊಡ್ಡ ಹೆಸರಿದ್ದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದೂ ಅಲ್ಲ. 2019ರ ಜನವರಿ ಕೊನೆಯಲ್ಲಿ ಹಿಲ್ಸ್ ಕಂಪನಿ ಡಿ ಜೀವಸತ್ವ ವಿಪರೀತ ಹೆಚ್ಚಾದ ನಾಯಿಯ ಟಿನ್‌ಗಳನ್ನು ವಾಪಸ್ ಪಡೆಯಿತು. ಜೀವಸತ್ವ ಮಿಶ್ರಣ ಸರಬರಾಜು ಮಾಡಿದವರ ಕಡೆಯ ದೋಷ ಅದು. ಡಿ ಹೆಚ್ಚಾದರೆ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡಕ್ಕೆ ಪೆಟ್ಟು.

ಹಂತ 8: ನಿಧಾನವಾಗಿ ಬದಲಿಸಿ, ನಾಯಿಯನ್ನು ಓದಿ

ಏಳರಿಂದ ಹತ್ತು ದಿನ ತೆಗೆದುಕೊಂಡು ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಿ. ಮಲ ಗಟ್ಟಿಯಾಗಿ, ಎತ್ತಿದರೆ ನೆಲಕ್ಕೆ ಅಂಟದಂತಿರಬೇಕು. ಪ್ರಮಾಣ ಇದ್ದಕ್ಕಿದ್ದಂತೆ ಹೆಚ್ಚಾದರೆ ಆಹಾರ ಅರ್ಧಂಬರ್ಧ ಜೀರ್ಣವಾಗುತ್ತಿದೆ ಎಂದು ತಿಳಿಯಿರಿ. ಎರಡು ವಾರಕ್ಕೊಮ್ಮೆ ತೂಕ ನೋಡಿ. ಪಕ್ಕೆಲುಬು ಒತ್ತದೆಯೇ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳ ನಾಯಿ ಸಾಕಿದವರು ಮಾತ್ರ ಪಕ್ಕೆಲುಬು ಕಂಡಿತೆಂದು ಗಾಬರಿಯಾಗಿ ತುಂಬಿಸಬೇಡಿ, ಆ ತಳಿಯ ಮೈಕಟ್ಟೇ ಹಾಗೆ.

ಮೂತ್ರಪಿಂಡ, ಯಕೃತ್ತು, ಮೂತ್ರದ ಕಲ್ಲು, ಸಕ್ಕರೆ ಕಾಯಿಲೆಗೆಂದು ಪಶುವೈದ್ಯರು ಬರೆದುಕೊಡುವ ಪಥ್ಯದ ಟಿನ್‌ಗಳಿಗೆ ಮೇಲಿನ ಲೆಕ್ಕ ಹಚ್ಚಬೇಡಿ. ಅವುಗಳಲ್ಲಿ ಪ್ರೋಟೀನ್ ಅಥವಾ ರಂಜಕವನ್ನು ಬೇಕೆಂದೇ ಕಡಿಮೆ ಮಾಡಿರುತ್ತಾರೆ. ಆರೋಗ್ಯವಾಗಿರುವ ನಾಯಿಗೆ ಅವನ್ನು ಹಾಕುವುದೂ ತಪ್ಪು. ಮನೆಯಲ್ಲಿ ಬೆಕ್ಕೂ ಇದ್ದರೆ ನಾಯಿಯ ಟಿನ್ ಅದಕ್ಕೆ ಊಟವಾಗದಿರಲಿ. ಬೆಕ್ಕಿಗೆ ಟೌರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಬರಬೇಕು, ನಾಯಿಯ ಆಹಾರದಲ್ಲಿ ಅದು ಬೆಕ್ಕಿಗೆ ಬೇಕಾದಷ್ಟು ಇರುವುದಿಲ್ಲ.

ಹೊಸ ಟಿನ್ ತೆರೆದಾಗಲೆಲ್ಲ ತಳದಲ್ಲಿ ಅಚ್ಚಾದ ಬ್ಯಾಚ್ ನಂಬರ್ ಮತ್ತು ದಿನಾಂಕದ ಫೋಟೊ ತೆಗೆದಿಟ್ಟುಕೊಳ್ಳಿ. ನಾಯಿಗೆ ವಾಂತಿ, ಭೇದಿ, ಹೆಚ್ಚು ನೀರು ಕುಡಿಯುವುದು ಶುರುವಾದರೆ ಮೊದಲು ಟಿನ್ ನಿಲ್ಲಿಸಿ, ಉಳಿದ ಆಹಾರ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ, ಡಬ್ಬಿಯ ಫೋಟೊ ಸಮೇತ ಪಶುವೈದ್ಯರ ಬಳಿ ಹೋಗಿ.